ಉಸಿರು ಬಿಡುವಾಗ ಹೇಳಿದ ಹೆಸರು

ಸರಕಾರಿ ದವಾಖಾನೆಯ ಬೆಂಚಿನ ಮೇಲೆ ಕುಳಿತಿದ್ದಾಗ ಪಕ್ಕದವರು ಮೆಲ್ಲಗೆ ಸರಿದು ಕೂತದ್ದನ್ನು ನೋಡಿಯೂ ನೋಡದವರ ಹಾಗೆ ಇದ್ದುಬಿಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಕ್ಷಯವಾಗಿತ್ತು. ವಾಸಿಯಾಯಿತು. ಎಂಬತ್ತರ ದಶಕದ ಕೊನೆಯ ಮಾತು. ಕಷ್ಟ ಬಂತು, ನೆಮ್ಮದಿ ಸಿಕ್ಕಿತು, ಎಲ್ಲರನ್ನೂ ಕ್ಷಮಿಸಿದೆ ಎಂದು ಮುಗಿಯುವ ಬರಹ ಬೇಕಿದ್ದರೆ ಬೇರೆ ಯಾರದಾದರೂ ಓದಿ. ನೆಮ್ಮದಿ ನನಗೂ ಸಿಕ್ಕಿದೆ, ಸುಳ್ಳಲ್ಲ. ಆದರೆ ಅದನ್ನು ಹುಡುಕಿಕೊಂಡು ನಾನು ಹೋದವನಲ್ಲ. ನಾನು ಹೋದದ್ದು ಒಬ್ಬ ಮನುಷ್ಯನನ್ನು ನಾಲ್ಕು ಜನರ ಮುಂದೆ ನೆಲಕ್ಕೆ ಕೆಡವುವುದನ್ನು ಕಲಿಯಲಿಕ್ಕೆ. ಆ ಮನುಷ್ಯ ನನ್ನ ಸೋದರಮಾವ.

ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಬ್ಯಾಡಗಿಯಲ್ಲಿ ಸಂಗಪ್ಪಮಾವನ ಮನೆಯಲ್ಲೇ ಇದ್ದೆವು. ಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ರೈತರು ತಂದ ಚೀಲಗಳನ್ನು ಬಿಚ್ಚಿಸಿ ರಾಶಿ ಹಾಕಿಸುವುದು, ಬಣ್ಣ ಮತ್ತು ಸುಕ್ಕು ನೋಡಿ ಕಾಯಿ ಬೇರೆ ಮಾಡಿಸುವುದು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಮೇಲೆ ಕಣ್ಣಿಡುವುದು ನನ್ನ ಕೆಲಸ. ಮಾವನ ಮಗಳು ಗಿರಿಜಾ ನನಗೇ ಎಂದು ಚಿಕ್ಕಂದಿನಿಂದ ಮನೆಯಲ್ಲಿ ಮಾತಾಗಿತ್ತು. ಹಾಗಾಗಿ ಆ ಅಂಗಡಿಯನ್ನು ನಾನು ಪರರದು ಎಂದುಕೊಂಡವನೇ ಅಲ್ಲ.

ನಮ್ಮೂರಿನಲ್ಲಿ ಸುಗ್ಗಿ ಬಂತೆಂದರೆ ಎಲ್ಲರೂ ಕೆಮ್ಮುತ್ತಾರೆ. ಹೊರಗಿನವರು ಬಸ್ಸಿಳಿದು ಹತ್ತು ಹೆಜ್ಜೆ ನಡೆಯುವುದರೊಳಗೆ ಸೀನುತ್ತಾರೆ, ಅವರನ್ನು ನೋಡಿ ನಾವು ನಗುತ್ತೇವೆ, ನಗುತ್ತಲೇ ಕೆಮ್ಮುತ್ತೇವೆ. ಮದುವೆ ಮಂಟಪದಲ್ಲಿ ಕೆಮ್ಮು, ಶಾಲೆಯಲ್ಲಿ ಕೆಮ್ಮು, ಪುರಾಣ ಹೇಳುವ ಸ್ವಾಮಿಗಳಿಗೂ ಕೆಮ್ಮು. ಅದಕ್ಕೆ ಯಾರೂ ಔಷಧ ತೆಗೆದುಕೊಳ್ಳುವುದಿಲ್ಲ. ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಇದು ಬೇರೆ ಊರಿನವರಿಗೆ ಅರ್ಥವಾಗುವುದಿಲ್ಲ. ಒಂದು ವರ್ಷ ಕೆಮ್ಮಿದರೂ ದವಾಖಾನೆಗೆ ಯಾಕೆ ಹೋಗಲಿಲ್ಲ ಎಂದು ಮುಂದೆ ಡಾಕ್ಟರು ಕೇಳಿದಾಗ ನಾನು ಕೊಟ್ಟ ಉತ್ತರ ಇಷ್ಟೇ: "ಬ್ಯಾಡಗಿಯವ್ನರಿ ನಾನು."

ಆದರೆ ನನ್ನ ಕೆಮ್ಮು ಸುಗ್ಗಿ ಮುಗಿದರೂ ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಪ್ಯಾಂಟಿನ ಸೊಂಟಕ್ಕೆ ಅವ್ವ ಎರಡು ಸಲ ಹೊಲಿಗೆ ಹಾಕಿ ಬಿಗಿ ಮಾಡಿದಳು. ಮಾವನಿಗೆ ನಾನು ಹೇಳಲಿಲ್ಲ ಎಂದಲ್ಲ. ಮೂರು ಸಲ ಹೇಳಿದೆ. ಮೂರನೆಯ ಸಲ ಗಾದಿಯ ಮೇಲೆ ಒರಗಿ ಕುಳಿತಿದ್ದವರು ನನ್ನ ಮುಖವನ್ನೂ ನೋಡದೆ ಅಂದರು:

"ಏ ಬಸ್ಯಾ, ಬ್ಯಾಡಗಿಯೊಳಗ ಕೆಮ್ಮದವ ಯಾವನದಾನಲೇ? ಮೆಣಸಿನಕಾಯಿ ಕೆಮ್ಮದು. ಬೆಲ್ಲ ತಿನ್ನು, ಕೆಲಸ ನೋಡು."

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಂಡೆ.

ಮುಂದಿನ ಸುಗ್ಗಿಯ ಮೊದಲ ದಿನಗಳಲ್ಲಿ ಒಂದು ಮಧ್ಯಾಹ್ನ ರಾಶಿಯ ಪಕ್ಕ ಬಗ್ಗಿ ಕಾಯಿ ನೋಡುತ್ತಿದ್ದಾಗ ಕೆಮ್ಮು ಬಂತು, ಬಾಯಲ್ಲಿ ಉಪ್ಪುಪ್ಪಾಯಿತು. ರಕ್ತ ಬಿದ್ದದ್ದು ಮೆಣಸಿನಕಾಯಿಯ ಮೇಲೆ. ಕೆಂಪಿನ ಮೇಲೆ ಕೆಂಪು, ನನಗೇ ತಿಳಿಯಲಿಲ್ಲ. ತೊಟ್ಟು ಬಿಡಿಸುತ್ತಿದ್ದ ಒಬ್ಬ ಮುದುಕಿ ಕೈ ನಿಲ್ಲಿಸಿ, "ಯಪ್ಪಾ, ಇದು ಕಾಯಿ ಬಣ್ಣ ಅಲ್ಲೋ" ಎಂದಳು. ಆ ಕಾಯಿಗಳನ್ನು ಆಕೆಯೇ ತನ್ನ ಸೆರಗಿನಲ್ಲಿ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಳು. ಅವಳ ಹೆಸರು ಕೂಡ ನಾನು ಕೇಳಿರಲಿಲ್ಲ.

ಅಂದು ಸಂಜೆಯೇ ಮಾವ ನಾನು ಚಹಾ ಕುಡಿಯುವ ಲೋಟವನ್ನು ಒಂದು ಕೋಲಿನ ತುದಿಗೆ ಸಿಕ್ಕಿಸಿ ಗಟಾರಕ್ಕೆ ಎಸೆದರು. ಕೈಯಿಂದ ಮುಟ್ಟಲಿಲ್ಲ. ಓಣಿಯವರೆಲ್ಲ ನೋಡುತ್ತಿದ್ದರು. "ಮನ್ಯಾಗ ಸಣ್ಣ ಹುಡುಗ್ರದಾವು. ಅಕ್ಕನ ಮನಿಗೆ ಹೋಗು" ಎಂದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಅಣ್ಣನ ಮನೆ ಬಿಟ್ಟರೆ ಅವಳಿಗೆ ಬೇರೆ ಆಸರೆ ಇರಲಿಲ್ಲ ಎಂಬುದು ಈಗ ನನಗೆ ತಿಳಿಯುತ್ತದೆ. ಅಂದು ತಿಳಿಯಲಿಲ್ಲ. ಅಂದು ಅವಳ ಮೇಲೂ ಹಲ್ಲು ಕಡಿದೆ. ಎರಡು ತಿಂಗಳೊಳಗೆ ಗಿರಿಜಾಳನ್ನು ಹಾವೇರಿಗೆ ಕೊಟ್ಟರು. "ಹುಡುಗನ ಎದಿ ತೂತಾಗೇತಿ" ಎಂದು ಬೀಗರಿಗೆಲ್ಲ ಹೇಳಿದ್ದರಂತೆ. ನನ್ನ ಎದೆಯ ಸುದ್ದಿ ನನಗಿಂತ ಮೊದಲು ಮೂರು ಊರು ತಿರುಗಿ ಬಂತು.

ರಾಣೇಬೆನ್ನೂರಿಗೆ ಕೊಟ್ಟಿದ್ದ ನನ್ನ ಅಕ್ಕ ನನ್ನನ್ನು ಒಳಗೆ ಕರೆದುಕೊಂಡಳು. ಅವಳ ಋಣ ದೊಡ್ಡದು. ಆದರೂ ಹೇಳಬೇಕಾದ್ದನ್ನು ಹೇಳುತ್ತೇನೆ: ನನ್ನ ತಾಟಿನ ಕೆಳಗೆ ಗುರುತಿಗೆ ಒಂದು ಗೀರು ಹಾಕಿದ್ದಳು. ನನಗೆ ಕಾಣಬಾರದೆಂದು ಕೆಳಗೆ ಹಾಕಿದ್ದಳು. ಒಂದು ದಿನ ತೊಳೆಯಲು ಹೋದಾಗ ಬೆರಳಿಗೆ ಸಿಕ್ಕಿತು. ಅವಳು ನನ್ನ ಕೈಯಿಂದ ತಾಟು ಕಸಿದುಕೊಂಡು, "ಅವ್ರು ಹೇಳಿದ್ರೋ, ನಾ ಏನ್ ಮಾಡ್ಲಿ" ಎಂದು ಅತ್ತಳು. ಅವರು ಎಂದರೆ ಭಾವ. ಆ ಗೀರನ್ನೂ ಮಾವನ ಲೆಕ್ಕಕ್ಕೇ ಸೇರಿಸಿದೆ.

ಎಕ್ಸ್‌ರೇ ತೆಗೆಸಲು ಹಾವೇರಿಗೆ ಹೋದೆವು. ಡಾಕ್ಟರು ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಿಟಕಿಯ ಆಚೆ ಒಬ್ಬ ಬಾಳೆಹಣ್ಣು ಮಾರುತ್ತಿದ್ದ. ಅವರು ನೋಡುವುದು ಮುಗಿಯುವವರೆಗೆ ನಾನು ಆ ಬಾಳೆಹಣ್ಣಿನವನನ್ನೇ ನೋಡಿದೆ. ಅವನು ಸಾಯುವುದಿಲ್ಲ, ನಾನು ಸಾಯುತ್ತೇನೆ ಎಂದು ಅನ್ನಿಸಿ ಅವನ ಮೇಲೆ ಸಿಟ್ಟು ಬಂತು. ಡಾಕ್ಟರು, "ಗುಳಿಗಿ ತಪ್ಪಿಸದಿದ್ರ ಸಾಯೂದಿಲ್ಲ. ತಪ್ಪಿಸಿದ್ರ ನನ್ನ ಕಡೆ ಬರಬ್ಯಾಡ" ಎಂದರು. ಆ ಗದರಿಕೆ ಆ ವರ್ಷ ನಾನು ಕೇಳಿದ ಅತಿ ಒಳ್ಳೆಯ ಮಾತು.

ಚುಚ್ಚುಮದ್ದು ರಾಣೇಬೆನ್ನೂರಿನಲ್ಲಿ, ದಿನಾ ಬೆಳಿಗ್ಗೆ. ಕೂರಲಿಕ್ಕಾಗದ ಹಾಗೆ ನೋಯುತ್ತಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಹೊಸ ಗುಳಿಗೆ ನುಂಗಿದ ಮೊದಲ ದಿನ ಮೂತ್ರ ಕೆಂಪಗೆ ಹೋಯಿತು. ರಕ್ತವೆಂದೇ ತಿಳಿದು, ಮುಗಿಯಿತು ನನ್ನ ಕಥೆ ಎಂದು ಬಚ್ಚಲಲ್ಲೇ ಕುಸಿದು ಕೂತೆ. ಮರುದಿನ ಸಿಸ್ಟರಿಗೆ ಹೇಳಿದರೆ ಆಕೆ ನಕ್ಕುಬಿಟ್ಟರು. "ಗುಳಿಗಿ ಬಣ್ಣ ಅದು. ನಿಮ್ಮೂರ ಕಾಯಿಗೆ ಸರಿಹೊಂದ್ತೈತಿ ಬಿಡು" ಎಂದರು. ಹಿಂದಿನ ದಿನ ಯಾವ ಕಡೆ ಚುಚ್ಚಿದ್ದರೋ ನೆನಪಿಟ್ಟುಕೊಂಡು ಆಚೆ ಕಡೆ ಚುಚ್ಚುತ್ತಿದ್ದರು, ನಾನು ಒಂದು ದಿನವೂ ಹೇಳಬೇಕಾಗಲಿಲ್ಲ. ಬೆಂಚಿನ ಮೇಲೆ ಎಲ್ಲರೂ ಸರಿದು ಕೂರುತ್ತಿದ್ದ ಆ ದಿನಗಳಲ್ಲಿ, ನನ್ನ ಬಗ್ಗೆ ಇಷ್ಟು ನೆನಪಿಟ್ಟುಕೊಳ್ಳುವವರು ಒಬ್ಬರಿದ್ದಾರೆ ಎಂಬುದೇ ನನಗೆ ಸಾಕಾಗುತ್ತಿತ್ತು.

ಕಫದಲ್ಲಿ ಏನೂ ಇಲ್ಲ ಎಂದು ಬಂದ ಮೇಲೆ ಡಾಕ್ಟರು ನಡೆಯಲು ಹೇಳಿದರು. ನಡೆಯುವ ದಾರಿಯಲ್ಲಿ ಒಂದು ಗರಡಿಮನೆ ಇತ್ತು. ಒಳಗೆ ಮೈ ನೆಲಕ್ಕೆ ಬೀಳುವ ಸದ್ದು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೆಳಗೆ ಬೀಳುವ ಪ್ರತಿಯೊಬ್ಬನೂ ನನ್ನ ಕಣ್ಣಿಗೆ ಸಂಗಪ್ಪಮಾವನೇ. ನಾಲ್ಕನೆಯ ದಿನ ಉಸ್ತಾದರು ಹೊರಗೆ ಬಂದರು. ಖಾದರಸಾಬ್, ಅರವತ್ತು ದಾಟಿದವರು, ವಯಸ್ಸಿನಲ್ಲಿದ್ದಾಗ ಮನೆಮನೆಗೆ ಹೋಗಿ ಅರಳೆ ಹಿಂಜಿ ಗಾದಿ ಮಾಡಿಕೊಡುತ್ತಿದ್ದವರು.

"ಯಾರನ್ನ ಕೆಡವಬೇಕಾಗೇತಿ?" ಎಂದು ಕೇಳಿದರು.

ನಾನು ಬೆಪ್ಪಾದೆ. "ನಿಮಗ ಹೆಂಗ ಗೊತ್ತಾತ್ರಿ?"

"ನೋಡಾಕ ಬಂದವ್ರು ಕುಸ್ತಿ ನೋಡ್ತಾರ. ನೀ ಬರೇ ಬೀಳೂದನ್ನ ನೋಡಾಕತ್ತೀ."

ಕ್ಷಯವಾಗಿತ್ತು ಎಂದು ಮೊದಲೇ ಹೇಳಿಬಿಟ್ಟೆ. ಆಮೇಲೆ ತಿಳಿದು ಓಡಿಸುವುದಕ್ಕಿಂತ ಈಗಲೇ ಓಡಿಸಲಿ ಎಂದು. ಅವರು ಹತ್ತಿರ ಬಂದು ಮಣ್ಣು ಮೆತ್ತಿದ ಅಂಗೈಯನ್ನು ನನ್ನ ಎದೆಯ ಮೇಲೆ ಇಟ್ಟರು. "ಉಸಿರು ತಗೋ. ಬಿಡು. ಮತ್ತ ತಗೋ." ಒಂದು ವರ್ಷದಿಂದ ಸೂಜಿ ಹಿಡಿದವರನ್ನು ಬಿಟ್ಟರೆ ಯಾರೂ ನನ್ನನ್ನು ಮುಟ್ಟಿರಲಿಲ್ಲ. ಅಕ್ಕ ಕೂಡ ಮುಟ್ಟಿರಲಿಲ್ಲ. ಆ ಕೈ ತೆಗೆಯುವವರೆಗೆ ಅಳು ತಡೆದುಕೊಂಡೆ, ತೆಗೆದ ಮೇಲೆ ಆಗಲಿಲ್ಲ. ಅಂಗಿಯ ಮೇಲೆ ಉಳಿದ ಐದು ಬೆರಳಿನ ಕೆಮ್ಮಣ್ಣನ್ನು ಅಕ್ಕನಿಗೆ ಒಗೆಯಲು ಕೊಡಲಿಲ್ಲ.

ಕುಸ್ತಿ ಕಲಿಸುತ್ತಾರೆ ಎಂದುಕೊಂಡಿದ್ದೆ. ಕೈಗೆ ಸಲಿಕೆ ಕೊಟ್ಟರು. ಕಣದ ಮಣ್ಣನ್ನು ದಿನಾ ಅಗೆದು ಸಡಿಲ ಮಾಡಬೇಕು, ಮಜ್ಜಿಗೆ, ಎಣ್ಣೆ, ಅರಿಶಿಣ, ನಿಂಬೆರಸ ಹಾಕಿ ಕಲಸಬೇಕು. ಡಾಕ್ಟರು ಸರಿ ಎಂದಷ್ಟೇ ಕೆಲಸ, ಹತ್ತು ಸಲಿಕೆಗೆ ನನಗೆ ಏದುಸಿರು. ಮೂರು ತಿಂಗಳು ಬರೀ ಮಣ್ಣು. ಆಮೇಲೆ ದಂಡ, ಬೈಠಕ್. ಒಂದು, ಎರಡು ಎಂದು ಎಣಿಸುವುದು ನನ್ನಿಂದಾಗಲಿಲ್ಲ. ಪ್ರತಿ ದಂಡಕ್ಕೂ ಒಂದು ಹೆಸರು ಹೇಳುತ್ತಿದ್ದೆ. ಸಂಗಪ್ಪಮಾವ. ಸಂಗಪ್ಪಮಾವ. ನೆಲಕ್ಕೆ ಎದೆ ತಾಗಿಸುವಾಗ ಆತ ನನ್ನ ಕೆಳಗೆ ಸಿಕ್ಕಿಬಿದ್ದಿದ್ದಾನೆ ಎಂದೇ ನೆನೆಯುತ್ತಿದ್ದೆ. ಎಂಥ ಸುಖ ಗೊತ್ತೇ ಅದು! ಹಗೆ ಮೈಗೆ ಒಳ್ಳೆಯದಲ್ಲ ಎನ್ನುವವರು ಎಂದೂ ಸರಿಯಾಗಿ ಹಗೆ ಸಾಧಿಸಿದವರಲ್ಲ. ನನಗೆ ಅದರಿಂದಲೇ ಹಸಿವಾಯಿತು, ನಿದ್ದೆ ಬಂತು.

ಉಸ್ತಾದರು ನನ್ನ ತುಟಿ ಅಲುಗುವುದನ್ನು ನೋಡಿದರು. "ಯಾವ ದೇವರ ಜಪ?"

"ದೇವರಲ್ರಿ. ನಮ್ಮ ಮಾವನ ಹೆಸರು."

ಬೈಯುತ್ತಾರೆ ಎಂದುಕೊಂಡೆ. ಗೋಡೆಯ ಮೇಲಿನ ಹನುಮಪ್ಪನ ಪಟದ ಮುಂದೆ ದಿನಾ ದೀಪ ಹಚ್ಚುತ್ತಿದ್ದವರು ಅವರೇ. ಅವರು ಸ್ವಲ್ಪ ಯೋಚಿಸಿ, "ಹೇಳು, ಬ್ಯಾಡ ಅನ್ನೂದಿಲ್ಲ. ಆದ್ರ ಉಸಿರು ಬಿಡುವಾಗಷ್ಟ ಹೇಳು. ತಗೊಳ್ಳುವಾಗ ಹೇಳಬ್ಯಾಡ. ಒಳಗ ಹೋಗೂ ಗಾಳಿಯೊಳಗ ಅಂವಾ ಇರಬಾರ್ದು" ಎಂದರು.

ಅಷ್ಟೇ. ಇಡೀ ವಿದ್ಯೆಯಲ್ಲಿ ನನಗೆ ಬಂದದ್ದು ಅದೊಂದೇ. ಹಾಗೆ ಹೇಳುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದವರಿಗೇ ಗೊತ್ತು. ಸಿಟ್ಟು ಬಂದಾಗ ಮನುಷ್ಯ ಉಸಿರು ಎಳೆದುಕೊಂಡು ಹಿಡಿದುಬಿಡುತ್ತಾನೆ. ಬಿಡುತ್ತಾ ಸಿಟ್ಟಾಗಲು ಬರುವುದೇ ಇಲ್ಲ. ಎರಡು ವರ್ಷದಲ್ಲಿ ಇಪ್ಪತ್ತು ದಂಡ ಇನ್ನೂರಾಯಿತು. ನೂರರ ಹೊತ್ತಿಗೆ ಆ ಹೆಸರು ಸವೆದು ಬರೀ ಒಂದು ಸದ್ದಾಗುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಹೊಸದಾಗಿ ಹುಟ್ಟುತ್ತಿತ್ತು, ಅದೂ ನಿಜ. ಕಣಕ್ಕಿಳಿದು ದೊಡ್ಡ ಪೈಲ್ವಾನನಾಗುವುದು ನನ್ನ ಎದೆಗೆ ಸಾಧ್ಯವಿರಲಿಲ್ಲ. ಆದರೆ ಒಂದು ಡಾವು ಚೆನ್ನಾಗಿ ಕಲಿತೆ: ಎದುರಿನವನ ಮುಂಗೈ ಹಿಡಿದು ಒಳಕ್ಕೆ ತಿರುವಿದರೆ ಅವನ ಮೈಯೆಲ್ಲ ತಾನಾಗಿ ನನ್ನ ಸೊಂಟದ ಮೇಲೆ ಬರುತ್ತದೆ. ನನಗೆ ಅಷ್ಟೇ ಬೇಕಿತ್ತು.

ಸುಗ್ಗಿಯ ದಿನವನ್ನೇ ಆರಿಸಿಕೊಂಡು ಬ್ಯಾಡಗಿಗೆ ಹೋದೆ. ಮಾರುಕಟ್ಟೆ ತುಂಬಿತ್ತು, ಎಲ್ಲರೂ ಕೆಮ್ಮುತ್ತಿದ್ದರು. ಅಂಗಡಿಯ ಮುಂದೆ ಹೋಗಿ ನಿಂತೆ. ಮಾವ ಗಾದಿಯ ಮೇಲೆ ಇದ್ದರು. ಕುತ್ತಿಗೆಯ ಹತ್ತಿರ ಅಂಗಿ ಸಡಿಲವಾಗಿ ಜೋತಿತ್ತು. "ಓಹೋ ಬಸ್ಯಾ, ಮೈ ಕೈ ತುಂಬ್ಯಾವಲ್ಲೋ" ಎಂದು ನಗಲು ಹೋಗಿ ಕೆಮ್ಮಿದರು.

ನಾನು ಮುಂಗೈ ಹಿಡಿಯಲು ಚಾಚಿದ ಕೈ ಅಲ್ಲೇ ನಿಂತಿತು. ಮೆಣಸಿನ ಘಾಟಿನ ಕೆಮ್ಮು ಗಂಟಲಿನಿಂದ ಬರುತ್ತದೆ, ಜೊತೆಗೆ ಸೀನು, ಕಣ್ಣೀರು. ಇದು ಕೆಳಗಿನಿಂದ ಬಂತು. ಕೆಮ್ಮಿದ ಮೇಲೆ ಅವರ ಕೈ ಪಕ್ಕೆಗೆ ಹೋಯಿತು. ನನ್ನ ಕೈಯೂ ಅಲ್ಲಿಗೇ ಹೋಗುತ್ತಿತ್ತು. ಆ ಕೆಮ್ಮನ್ನು ನಾನು ಸಾವಿರ ಕೆಮ್ಮಿನ ನಡುವೆಯೂ ಗುರುತು ಹಿಡಿಯಬಲ್ಲೆ.

"ಎಷ್ಟು ದಿವ್ಸಾತ್ರಿ ಮಾವ, ಈ ಕೆಮ್ಮು?"

"ನಾಕೈದು ತಿಂಗಳಾತು. ಏನಿಲ್ಲ ಬಿಡು, ಮೆಣಸಿನಕಾಯಿ ಕೆಮ್ಮು."

ಎರಡು ವರ್ಷ ಕಲಿತ ಡಾವು ಬೇಕಾಗಲೇ ಇಲ್ಲ. ದೇವರು ನನ್ನ ಕೈಗೆ ಅದಕ್ಕಿಂತ ದೊಡ್ಡದನ್ನು ಕೊಟ್ಟಿದ್ದ. ನಾನು ನಕ್ಕೆ.

"ಹೌದ್ರಿ ಮಾವ. ಬ್ಯಾಡಗಿಯೊಳಗ ಕೆಮ್ಮದವ ಯಾವನದಾನ? ಬೆಲ್ಲ ತಿನ್ರಿ, ಕೆಲಸ ನೋಡ್ರಿ."

ಅವರಿಗೆ ತಮ್ಮದೇ ಮಾತೆಂದು ನೆನಪಿದ್ದ ಹಾಗೆ ಕಾಣಲಿಲ್ಲ. "ಹೂಂ ಮತ್ತ" ಎಂದು ತಲೆಯಾಡಿಸಿದರು. ನಾನು ಬಂದ ಸುದ್ದಿ ಕೇಳಿ ಹಿಂದಿನಿಂದ ಅವ್ವ, "ಉಂಡು ಹೋಗೋ ಬಸು, ನಿನಗಂತ ಕದರಮಂಡಲಗಿ ಹನುಮಪ್ಪಗ ಐದು ಶನಿವಾರ ನಡಕೋತ ಹೋಗಿ ಬಂದೇನಿ" ಎಂದು ಕೂಗುತ್ತಾ ಬಂದಳು. ನಿಲ್ಲಲಿಲ್ಲ. ಬಸ್ಸಿನಲ್ಲಿ ರಾಣೇಬೆನ್ನೂರಿನವರೆಗೆ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸಿಳ್ಳೆ ಹಾಕಿದೆ. ಆತ ಬೆಲ್ಲ ತಿನ್ನುತ್ತಾ ಸಾಯಲಿ ಎಂದುಕೊಂಡೆ, ಹಾಗೆಯೇ, ಅದೇ ಮಾತಿನಲ್ಲಿ.

ಮರುದಿನ ಬೆಳಿಗ್ಗೆ ಗರಡಿಯಲ್ಲಿ ಹನ್ನೊಂದು ದಂಡಕ್ಕೆ ನಿಂತುಹೋದೆ. ಹೆಸರು ಉಸಿರು ಬಿಡುವಾಗ ಬರಲಿಲ್ಲ. ತೆಗೆದುಕೊಳ್ಳುವಾಗ ಬಂತು, ಒಳಗೆ ಹೋಗಿ ಕೂತಿತು. ಎಷ್ಟು ಬಿಟ್ಟರೂ ಹೊರಗೆ ಬರಲೊಲ್ಲದು. ಉಸ್ತಾದರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಎಲ್ಲವನ್ನೂ ಹೇಳಿದೆ. ಅವರು ಒಂದು ಹಿಡಿ ಮಣ್ಣು ತೆಗೆದುಕೊಂಡು ಹಿಸುಕಿದರು.

"ನಮ್ಮಣ್ಣನೂ ನನ್ನ ಜೋಡಿ ಅರಳಿ ಹಿಂಜಾಂವ" ಎಂದರು. "ಅರಳಿ ಧೂಳಿಗೆ ನಾವೆಲ್ಲಾ ಕೆಮ್ಮತಿದ್ವಿ. ಅಂವಾ ದವಾಖಾನಿಗೆ ಹೋಗೂಣು ಅಂದ. ಅರಳಿ ಕೆಮ್ಮು ಭಾಯಿ, ಬೆಲ್ಲಾ ತಿನ್ನು ಅಂದೆ ನಾನು. ನಾನ ಅಂದೆ."

ನನ್ನ ಎದೆಯ ಮೇಲೆ ಮೊದಲ ದಿನ ಯಾಕೆ ಕೈ ಇಟ್ಟರು ಎಂಬುದು ಆಗ ತಿಳಿಯಿತು. ಇಷ್ಟು ದಿನ ನಾನು ಗುರುವೆಂದು ಕಾಲು ಮುಟ್ಟುತ್ತಿದ್ದುದು ಇನ್ನೊಬ್ಬ ಸಂಗಪ್ಪಮಾವನದು.

"ಕುಸ್ತಿಯೊಳಗ ಬಿದ್ದಾಂವನ ಕೈ ಹಿಡಿದು ಎಬ್ಬಿಸಬೇಕು" ಎಂದು ಎದ್ದರು. "ನೀ ಕೆಡವಿ ಬಂದೀ. ಎಬ್ಬಿಸಿಲ್ಲ. ಕುಸ್ತಿ ಮುಗದಿಲ್ಲ. ಲಗೂ ಹೋಗು."

ಹೋದೆ. ದವಾಖಾನೆಗೆ ಬನ್ನಿ ಎಂದೆ. ಮಾವ ನಕ್ಕರು, ಬೈದರು, ನಿನ್ನ ರೋಗ ನನಗೆ ಹಚ್ಚಬೇಡ ಎಂದರು. ಆಗ ಮುಂಗೈ ಹಿಡಿದು ಒಳಕ್ಕೆ ತಿರುವಿದೆ. ಮೈ ತಾನಾಗಿ ಬಂತು, ಉಸ್ತಾದರು ಹೇಳಿಕೊಟ್ಟ ಹಾಗೆಯೇ. ಕೆಡವಲಿಲ್ಲ. ಆ ಹಿಡಿತದಲ್ಲೇ ಅಂಗಡಿಯಿಂದ ಇಳಿಸಿ ಮಾರುಕಟ್ಟೆಯ ನಟ್ಟನಡುವೆ ರಾಶಿಗಳ ಸಾಲಿನಲ್ಲಿ ನಡೆಸಿಕೊಂಡು ಹೋದೆ.

"ಮಂದಿ ನೋಡಾಕತ್ತಾರ, ಕೈ ಬಿಡಲೇ ಬಸ್ಯಾ!"

"ನೋಡ್ಲಿ ಬಿಡ್ರಿ ಮಾವ."

ನಿಜ ಹೇಳುತ್ತೇನೆ, ಬಸ್‌ಸ್ಟ್ಯಾಂಡಿಗೆ ಹತ್ತಿರದ ದಾರಿ ಬೇರೆ ಇತ್ತು. ನಾನು ಉದ್ದದ ದಾರಿಯಲ್ಲಿ ಹೋದೆ.

ರಾಣೇಬೆನ್ನೂರಿನಲ್ಲಿ ಅದೇ ಬೆಂಚು. ಮಾವ ಕೆಮ್ಮಿದರು, ಪಕ್ಕದ ಹೆಂಗಸು ಮಗುವನ್ನೆತ್ತಿಕೊಂಡು ಸರಿದು ಕೂತಳು. ಮಾವ ಅದನ್ನು ನೋಡಿದರು. ನೋಡಿಯೂ ನೋಡದವರ ಹಾಗೆ ಗೋಡೆಯ ಕಡೆ ಮುಖ ಮಾಡಿದರು. ಖಾಲಿಯಾದ ಆ ಜಾಗಕ್ಕೆ ಸರಿದು ನಾನು ಕೂತೆ.

ಒಳಗೆ ಡಾಕ್ಟರು, "ಮನ್ಯಾಗ ಯಾರಿಗರೆ ಇತ್ತೇನು?" ಎಂದು ಕೇಳಿದರು. ಒಂದು ವರ್ಷ ಆ ಗಾದಿಯ ಎದುರು ನಿಂತು ಕೆಮ್ಮಿದವನು ನಾನೇ ಅಲ್ಲವೇ? ನನ್ನ ಸೇಡು ನಾನು ದಂಡ ಹೊಡೆಯುವ ಮೊದಲೇ, ನನಗೆ ಗೊತ್ತಿಲ್ಲದೆಯೇ ತೀರಿಹೋಗಿತ್ತೋ ಏನೋ.

"ನನಗ ಇತ್ರಿ" ಎಂದೆ. "ಇವ್ರ ಅಂಗಡ್ಯಾಗ ಇದ್ದೆ."

ಈಗ ಮಾವ ನನ್ನ ಕಡೆ ಬೆರಳು ತೋರಿಸುತ್ತಾರೆ ಎಂದು ಕಾದೆ. ಅವರು ನೆಲ ನೋಡುತ್ತಾ ಅಂದರು: "ಅಂವಾ ಮೂರು ಸಲ ಹೇಳಿದ್ನರಿ. ನಾನ ಮೆಣಸಿನಕಾಯಿ ಕೆಮ್ಮು ಅಂದೆ."

ಅಂದರೆ ನೆನಪಿತ್ತು. ಮೂರು ಸಲ ಎಂಬುದೂ ನೆನಪಿತ್ತು.

ಅವರಿಗೂ ಅದೇ ಸಿಸ್ಟರ್ ಚುಚ್ಚಿದರು, ಅವರೂ ಕೆಂಪು ಮೂತ್ರ ನೋಡಿ ಹೆದರಿದರು, ಅವರೂ ವಾಸಿಯಾದರು. ಅದೆಲ್ಲ ಆಮೇಲಿನದು. ನಾನು ಹೇಳಬೇಕಾದ್ದು ಅಂದು ದವಾಖಾನೆಯ ಎದುರಿನ ಚಹಾದಂಗಡಿಯ ಮಾತು. ಕಫ ಕೊಟ್ಟು ಹೊರಗೆ ಬಂದೆವು. ನಾನು ಒಂದೇ ಚಹಾ ತೆಗೆದುಕೊಂಡೆ. ಅರ್ಧ ಕುಡಿದು, ಅದೇ ಲೋಟವನ್ನು ಮಾವನ ಮುಂದೆ ಹಿಡಿದೆ. ಡಾಕ್ಟರು ಕಂಡಿದ್ದರೆ ಬೈಯುತ್ತಿದ್ದರು, ಬೈಯಲಿ.

ಮಾವ ಲೋಟದ ಅಂಚನ್ನು ನೋಡಿದರು. ನನ್ನ ತುಟಿ ತಾಗಿದ ಜಾಗವನ್ನು ನೋಡಿದರು. ಆಗಲೂ, ಅಷ್ಟಾದ ಮೇಲೂ, ಅವರ ಕೈ ಹಿಂಜರಿಯಿತು. ಇಡೀ ಎರಡು ವರ್ಷದಲ್ಲಿ ಅವರನ್ನು ನಿಜವಾಗಿ ಎತ್ತಿ ಒಗೆಯಬೇಕು ಅನ್ನಿಸಿದ ಗಳಿಗೆ ಅದೇ. ನನ್ನ ಉಸಿರು ಒಳಗೆ ಹೋಗಿ ನಿಂತಿತು. ನಾನು ಲೋಟ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

ಅವರು ತೆಗೆದುಕೊಂಡರು. ಕಣ್ಣು ಮುಚ್ಚಿಕೊಂಡು, ನಾನು ಕುಡಿದ ಕಡೆಯಿಂದಲೇ, ತಳದವರೆಗೂ ಕುಡಿದರು.

ನಾನು ಉಸಿರು ಬಿಟ್ಟೆ. ಹೆಸರು ಬರಲಿಲ್ಲ.